ಬೈಗುಳದ ತಾಲೀಮು

ಮನೆಯಿಂದ,
ಮಂಗಳವಾರ, ಜೂನ್ ೧೧

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ತರಬೇತಿಯಲ್ಲಿ ದಿನವಿಡೀ ಸಿಮೆಂಟು ನೆಲದ ಮೇಲೆ ಕೂರಿಸುತ್ತಾರೆಂದು ಬರೆದಿದ್ದೆಯಲ್ಲ, ನಿನ್ನ ಅಮ್ಮ ಆ ಸಾಲನ್ನು ನನ್ನಿಂದ ಮೂರು ಸಲ ಓದಿಸಿಕೊಂಡು, ಹಳೆಯ ಹೊದಿಕೆ ಕತ್ತರಿಸಿ ನಿನಗೊಂದು ದಿಂಬು ಹೊಲಿಯುತ್ತಿದ್ದಾಳೆ. ಊರವರಿಗೆಲ್ಲ ಅಹಿಂಸೆ, ಸ್ವಂತ ಸೊಂಟಕ್ಕೆ ಮಾತ್ರ ಯಾಕೆ ಹಿಂಸೆ ಎನ್ನುವುದು ಅವಳ ವಾದ. ನಾನು ಆರಾಮಾಗಿದ್ದೇನೆ. ಬಸ್ಸಿನ ಮೆಟ್ಟಿಲು ಕಂಡರೆ ಮೊಣಕಾಲು ಮುನಿಸಿಕೊಳ್ಳುತ್ತದೆ, ಅಷ್ಟೇ.

ನೀನು ಬರೆದಿದ್ದು ಅಮ್ಮನಿಗೆ, ಉತ್ತರ ಬರೆಯುತ್ತಿರುವವನು ನಾನು. ಈ ತರಬೇತಿ ನಡೆಸುವ ಸಂಘದವರು ನಿನ್ನನ್ನು ಕೆಲಸಕ್ಕೆ ಖಾಯಂ ಮಾಡಿಕೊಳ್ಳುತ್ತಾರಂತೆ, ಕೈ ಎತ್ತದೆ ಹೋರಾಡುವುದು ಹೇಗೆಂದು ನೀನೇ ಇನ್ನು ಮುಂದೆ ಜನರಿಗೆ ಕಲಿಸಬೇಕಂತೆ, ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕಂತೆ. ಕೊನೆಗೆ ಸಣ್ಣ ಅಕ್ಷರದಲ್ಲಿ “ಅಪ್ಪ ಏನಂತಾರೆ?” ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನ್ ಹಿಡಿದರೆ ನಾನು ಮೊದಲ ನಿಮಿಷದಲ್ಲೇ ಕೂಗಾಡುತ್ತೇನೆ, ಅದು ನಿನಗೂ ಗೊತ್ತು. ಕಾಗದದ ಮೇಲೆ ಎಷ್ಟು ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ.

ಇದೆಲ್ಲ ಶುರುವಾದದ್ದು ನನ್ನ ಬಸ್ಸಿನಿಂದಲೇ ಎಂದು ಈಗ ಒಪ್ಪಿಕೊಳ್ಳುತ್ತೇನೆ. ನಾಲ್ಕು ವರ್ಷದ ಹಿಂದೆ ನನ್ನ ಬಸ್ಸು ನಿಲ್ಲುತ್ತಿದ್ದ ಆಸ್ಪತ್ರೆಯ ಹಿಂಬದಿಯ ಸ್ಟಾಪ್ ರದ್ದಾದಾಗ, ಅಲ್ಲಿ ಹಾಸಿಗೆ ಬಟ್ಟೆ ಒಗೆಯುವ ಹೆಂಗಸರು ಪಾಳಿ ಮುಗಿಸಿ, ಒದ್ದೆ ಸೆರಗಿನಲ್ಲೇ ದೊಡ್ಡ ರಸ್ತೆಯವರೆಗೆ ನಡೆಯಬೇಕಾಯಿತು. ಆಗಿನ್ನೂ ಕಾಲೇಜಿನಲ್ಲಿದ್ದ ನೀನು ಅರ್ಜಿ ಬರೆದೆ, ಸಹಿ ಹಾಕಿಸಿದೆ. ಒಂದು ಬೆಳಿಗ್ಗೆ ನಾನು ಬಸ್ಸಿನಲ್ಲಿ ನಿಂತು ನೋಡುತ್ತೇನೆ, ಡಿಪೋ ಗೇಟಿಗೆ ಅಡ್ಡವಾಗಿ ಎಂಟು ಜನ ಹೆಂಗಸರು, ನಡುವೆ ನನ್ನ ಮಗಳು! ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು ನಾನು. ಇಳಿದು ಬಂದು ಬಾಯಿಗೆ ಬಂದಂತೆ ಕೂಗಾಡಿದೆ. ನೀನು ಕೂತಲ್ಲಿಂದಲೇ “ಬಿಸಿಲಲ್ಲಿ ನಿಂತ್ಕೋಬೇಡಿ ಅಪ್ಪಾ, ಈ ಕಡೆ ನೆರಳಿದೆ” ಅಂದೆ. ಹನ್ನೊಂದು ದಿನ ಬೆಳಿಗ್ಗೆ ನೀವು ಹಾಗೆಯೇ ಕೂತಿರಿ. ಒಂದು ಕಲ್ಲಿಲ್ಲ, ಒಂದು ಕೆಟ್ಟ ಮಾತಿಲ್ಲ. ಸ್ಟಾಪ್ ಮರಳಿ ಬಂತು. ಅಲ್ಲಿ ಹತ್ತುವ ಹೆಂಗಸರು “ನಿಮ್ಮ ಮಗಳಲ್ವಾ ಆ ಹುಡುಗಿ?” ಎಂದು ಇವತ್ತಿಗೂ ಕೇಳುತ್ತಾರೆ. ಇಷ್ಟು ದಿನ ಕೇಳಿಸದವನಂತೆ ನಾನು ಟಿಕೆಟ್ ಹರಿಯುತ್ತಿದ್ದೆ.

ಇನ್ನು ನೀನು ತರಬೇತಿಗೆ ಹೊರಡುವ ಹಿಂದಿನ ಸಂಜೆಯ ವಿಷಯ. ಬೈಸಿಕೊಂಡೂ ಸುಮ್ಮನಿರುವ ಅಭ್ಯಾಸವಾಗಬೇಕು, ಊಟದ ಮೇಜಿನ ಮುಂದೆ ಎಲ್ಲರೂ ನನ್ನನ್ನು ಬೈಯಿರಿ ಎಂದೆ ನೀನು. ಅಮ್ಮ ಬಹಳ ಹೊತ್ತು ಯೋಚಿಸಿ “ನೀನು… ನೀನು ಹೊತ್ತಿಗೆ ಸರಿಯಾಗಿ ಉಣ್ಣಲ್ಲ!” ಎಂದು ಗದರಿ, ಅಷ್ಟಕ್ಕೇ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಸರದಿ. ಕಿಕ್ಕಿರಿದ ಬಸ್ಸಿನಲ್ಲಿ ಮೂವತ್ತು ವರ್ಷ ಪಳಗಿದ ಕಂಡಕ್ಟರ್ ಬಾಯಿ ಇದು. ಮೊದಲು ಮಾಮೂಲಿ ಬೈಗುಳ ಬಿಟ್ಟೆ. ನೀನು ನಕ್ಕು “ಸಾಲ್ದಪ್ಪಾ, ಮನಸ್ಸಿಗೆ ತಾಗೋ ಹಾಗೆ” ಅಂದೆ. ನಾನು ತಾಗುವ ಹಾಗೆಯೇ ಅಂದೆ. ಬೀದಿಯಲ್ಲಿ ಕೂತು ನನ್ನ ಮರ್ಯಾದೆ ಬೀದಿಪಾಲು ಮಾಡಿದೆ, ನೀನು ನನ್ನ ಮಗಳು ಅಂತ ಡಿಪೋದಲ್ಲಿ ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ ಎಂದೆ. ಅಮ್ಮನ ಕೈಯಲ್ಲಿದ್ದ ಮುಚ್ಚಳ ಅಲ್ಲೇ ನಿಂತಿತು. ನೀನು ಅಂಗೈ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು, ನನ್ನ ಕಣ್ಣನ್ನೇ ನೋಡುತ್ತ “ಚೆನ್ನಾಗಿತ್ತಪ್ಪಾ. ಇನ್ನೊಂದ್ ಸಲ ಹೇಳಿ” ಅಂದೆ. ನಾನು ಕೈ ತೊಳೆಯಲು ಎದ್ದುಹೋದೆ. ಮರುದಿನ ನೀನು ಏಳುವ ಮೊದಲೇ ಡ್ಯೂಟಿಗೆ ಹೋದದ್ದು, ನಿನ್ನ ಮುಖ ನೋಡುವ ಧೈರ್ಯವಿಲ್ಲದೆ.

ಈಗ ಹೊಸ ಸುದ್ದಿ. ಹೋದ ಗುರುವಾರ ನನ್ನ ಜೊತೆಯ ಡ್ರೈವರ್, ಬ್ರೇಕ್ ಹಿಡಿಯದ ಬಸ್ಸನ್ನು ಹೊರಗೆ ತೆಗೆಯುವುದಿಲ್ಲ ಎಂದ. ಆಫೀಸಿನವರು ಅವನನ್ನೇ ಅಮಾನತು ಮಾಡಿದರು. ನಮ್ಮವರ ರಕ್ತ ಕುದಿಯಿತು, ಕೈಗೆ ಕಲ್ಲು ಬಂತು. ನನಗೇನಾಯಿತೋ ಕಾಣೆ. ಹೋಗಿ ಆಫೀಸಿನ ಗಾಜಿನ ಕಿಟಕಿಯ ಕೆಳಗೆ ಕೂತುಬಿಟ್ಟೆ. “ಎಸೆಯೋದಾದ್ರೆ ನನ್ನ ಬೋಳುತಲೆ ನೋಡ್ಕೊಂಡು ಎಸೀರಿ” ಎಂದೆ. ಮೊದಲು ಮೆಕ್ಯಾನಿಕ್ ಕಲ್ಲು ಕೆಳಗಿಟ್ಟು ಪಕ್ಕದಲ್ಲಿ ಬಂದು ಕೂತ. ಅಂದಿನಿಂದ ಡ್ಯೂಟಿ ಮುಗಿದವರೆಲ್ಲ ಸರದಿಯ ಮೇಲೆ ಗೇಟಿನ ಪಕ್ಕ ಕೂರುತ್ತಿದ್ದೇವೆ. ಮೇಲಿನವರು ಬಂದು ರೇಗಿಸುತ್ತಾರೆ. ಅದಕ್ಕೇ ನಿನ್ನ ಹಾಗೆ ತಾಲೀಮು ಮಾಡೋಣ, ಒಬ್ಬರನ್ನೊಬ್ಬರು ಬೈಯೋಣ ಎಂದು ನಾನೇ ಹೇಳಿದೆ. ಅಯ್ಯೋ ಪುಟ್ಟೀ, ಕಂಡಕ್ಟರುಗಳಿಗೆ ಬೈಯಲು ಹೇಳಿಕೊಡಬೇಕೇ? ಎರಡೇ ನಿಮಿಷದಲ್ಲಿ ಹತ್ತು ವರ್ಷದ ಹಳೆಯ ಜಗಳಗಳೆಲ್ಲ ಎದ್ದು ಬಂದವು. ಯಾರು ಯಾರ ರಜೆ ಕಿತ್ತುಕೊಂಡರು, ಯಾರು ಯಾರ ಮೇಲೆ ಚಾಡಿ ಹೇಳಿದರು! ಇಬ್ಬರು ಕಾಲರ್ ಹಿಡಿದುಕೊಂಡರು, ಬಿಡಿಸಲು ಹೋದ ಮೆಕ್ಯಾನಿಕ್ಕಿನ ಅಂಗಿ ಹರಿಯಿತು. ಗೇಟಿನ ಕಾವಲುಗಾರ ಹೊಟ್ಟೆ ಹಿಡಿದುಕೊಂಡು ನಕ್ಕ.

ನಾನು ನಗಲಿಲ್ಲ. ನಿಜವಾದ ಮಾತು ತಾಗಿದಾಗ ಕೈ ಸುಮ್ಮನಿರುವುದು ಎಷ್ಟು ಕಷ್ಟ ಎಂದು ಅಲ್ಲಿ ಕಂಡೆ. ನಿನ್ನ ಎರಡರಷ್ಟು ವಯಸ್ಸಾದವರಿಗೂ ಬಾರದ್ದು ನಿನಗೆ ಬರುತ್ತದೆ. ಅದು ಹೇಡಿಗಳ ಕೆಲಸವೆಂದು ಇಷ್ಟು ವರ್ಷ ತಿಳಿದಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನಿನ್ನನ್ನು ನೆನೆದರೆ ಹೆಮ್ಮೆಯಾಗುತ್ತದೆ ಮಗಳೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಅಮ್ಮನ ಮುದ್ದು ದಿಂಬಿನ ಜೊತೆ ಬೇರೆಯಾಗಿ ಬರುತ್ತದೆ. ನೀನು ಕೂತ ಕಡೆ ನೆಲ ತಂಪಾಗಿರಲಿ, ಎದ್ದು ಬರುವಾಗ ಗೆದ್ದು ಬಾ.

ನಿನ್ನ
ಅಪ್ಪ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಸಂಜೆ ನಾನು ಅಂದದ್ದು ತಾಲೀಮಲ್ಲ, ಮನಸ್ಸಿನಲ್ಲಿದ್ದದ್ದೇ. ಅದು ನಿನಗೆ ಆಗಲೇ ಗೊತ್ತಾಗಿತ್ತು ಎಂಬುದೂ ನನಗೆ ಗೊತ್ತು. ತಪ್ಪಾಯಿತು. ಶುಕ್ರವಾರದವರೆಗೆ ಕಾಯಬೇಡ, ಹೂಂ ಅನ್ನು. ನಮ್ಮ ಗೇಟಿಗೆ ಕಲಿಸುವವರೊಬ್ಬರು ಬೇಕಾಗಿದ್ದಾರೆ, ಸಂಘದವರು ನಿನ್ನನ್ನೇ ಕಳಿಸಲಿ. ಬಂದಾಗ ನೀನು ಯಾರೆಂದು ಹೇಳಿಕೊಳ್ಳುವ ತಾಪತ್ರಯವಿಲ್ಲ. ಬರುವವಳು ನನ್ನ ಮಗಳು ಎಂದು ಇವತ್ತು ಬೆಳಿಗ್ಗೆ ಡಿಪೋ ನಡುವೆ ನಿಂತು, ಕಂಡಕ್ಟರ್ ಗಂಟಲಿನಲ್ಲಿ, ಎರಡು ಸಲ ಹೇಳಿದ್ದೇನೆ.