ಹದ್ದಿಗೆ ಬಿಟ್ಟುಕೊಟ್ಟ ಕೋಣೆ

ಅಥಣಿ, ಮೇ ೧೯೯೧

ಚಿ. ಭೂಪಾಲನಿಗೆ ತಾಯಿಯ ಆಶೀರ್ವಾದ.

ನಿನ್ನ ಮಗಳೊಡನೆ ಜಗಳವಾಡಿ ನಾನು ಬಾಡಿಗೆ ಕೋಣೆ ಬಿಟ್ಟೆನೆಂದು ಯಾರಾದರೂ ನಿಪ್ಪಾಣಿಗೆ ಬಂದು ಹೇಳಿದರೆ ನಂಬಬೇಡ. ರಜೆಯಲ್ಲಿ ಇಲ್ಲಿಯ ದನದ ದವಾಖಾನೆಗೆ ಕೆಲಸ ಕಲಿಯಲು ಬಂದ ಮೊದಲ ವಾರವೇ ಕುಸುಮಾ, ದ್ರಾಕ್ಷಿ ತೋಟದ ತಂತಿಗೆ ಸಿಕ್ಕು ರೆಕ್ಕೆ ಮುರಿದ ಹದ್ದೊಂದನ್ನು ಕೋಣೆಗೆ ತಂದಳು. ಹಲ್ಲಿ ಕಂಡರೆ ಕಿರುಚುತ್ತಿದ್ದ ಹುಡುಗಿ, ನನ್ನ ಹಳೆಯ ಸೀರೆಯ ತುಂಡಿನಿಂದ ಅದರ ಕಣ್ಣು ಮುಚ್ಚಿ, ಕೈ ನಡುಗದೆ ರೆಕ್ಕೆ ಕಟ್ಟಿದಳು. ನಾನು ಹಾಲನ್ನ ಕಲಸಿಟ್ಟೆ.

"ಆಯಿ, ಹದ್ದು ಹಾಲನ್ನ ತಿಂದು ಬದುಕೂದಿಲ್ರಿ. ಮಾಂಸಾನ ಬೇಕ."

"ನಾ ಇರೂ ಮನ್ಯಾಗ ಮಾಂಸ ಬರಂಗಿಲ್ಲ."

"ಹಂಗಾರ ಇದು ಸಾಯತೈತ್ರಿ."

ಉಪವಾಸ ಕೆಡವಿ ಕೊಲ್ಲುವುದೂ ಹಿಂಸೆಯೇ. ಆಡಿದ ಮಾತನ್ನು ಮುರಿಯುವವಳೂ ನಾನಲ್ಲ. ಅದಕ್ಕೇ ಪಾತ್ರೆ, ಹಾಸಿಗೆ ಎತ್ತಿಕೊಂಡು ಬಸದಿಯ ಧರ್ಮಶಾಲೆಗೆ ಬಂದಿದ್ದೇನೆ. ರಾತ್ರಿ ಮನೆಯೊಡತಿ ಅವಳ ಜೊತೆಗಿರುತ್ತಾಳೆ. ಕುಸುಮಾ ದಿನವೂ ಸ್ನಾನ ಮಾಡಿ ಇಲ್ಲಿಗೆ ಬಂದು ನನ್ನ ಕೈಯಡುಗೆಯನ್ನೇ ಉಣ್ಣುತ್ತಾಳೆ. ಹದ್ದು ಈಗ ಕತ್ತೆತ್ತಿ ನಿಂತು ಅವಳನ್ನೇ ಗದರಿಸುತ್ತದಂತೆ. ನನ್ನ ಮೊಣಕಾಲು ನೋವು ಕಡಿಮೆಯಿದೆ, ಎಣ್ಣೆ ಕಳಿಸಬೇಡ.

ಅದು ಹಾರಿದ ದಿನ ಕೋಣೆ ತೊಳೆಸಿ ಒಳಗೆ ಹೋಗುತ್ತೇನೆ. ಅಲ್ಲಿಯವರೆಗೆ ನನಗೆ ಬರೆಯುವ ಪತ್ರವನ್ನು ಬಸದಿಯ ವಿಳಾಸಕ್ಕೆ ಹಾಕು.

ನಿನ್ನ ತಾಯಿ,
ಚಂಪಾಬಾಯಿ