ನಲವತ್ತೊಂದು ಎಕಲ್ಸ್ ಕೇಕು

ಭಾನುವಾರ, 20 ಆಗಸ್ಟ್ 1961. ಮೂಡುಬಿದಿರೆ

ಟ್ರಂಕು ಮೂರನೇ ಸಲ ಬಿಚ್ಚಿ ಕಟ್ಟಿದ್ದಾಯಿತು. ಅಮ್ಮ ಅವಲಕ್ಕಿ ತುಂಬಿಸುತ್ತಾಳೆ, ನಾನು ತೆಗೆಯುತ್ತೇನೆ. ಕೊನೆಗೆ ಅವಲಕ್ಕಿ ಗೆದ್ದಿತು. ಡಿಕ್ಷನರಿ ಕೈಚೀಲಕ್ಕೆ ಬಂತು.

ಬೆಳಿಗ್ಗೆ ಬಸದಿಗೆ ಹೋಗಿದ್ದೆವು. ಅಮ್ಮ, ನಾನು, ಬೆಳ್ತಂಗಡಿಯಿಂದ ಬಂದ ಪ್ರಭಾವತಿ ದೊಡ್ಡಮ್ಮ. ಬಸದಿಯ ಪುರೋಹಿತರಾದ ಇಂದ್ರರ ಮುಂದೆ ನಿಯಮ ತೆಗೆದುಕೊಂಡೆ — ಮಾಂಸ ಇಲ್ಲ, ಮೊಟ್ಟೆ ಇಲ್ಲ, ಕುಡಿತ ಇಲ್ಲ, ಸೂರ್ಯ ಮುಳುಗಿದ ಮೇಲೆ ಊಟ ಇಲ್ಲ. ಕಷ್ಟ ಅನ್ನಿಸಲಿಲ್ಲ. ಹತ್ತು ವರ್ಷ ಜೈನ ಹಾಸ್ಟೆಲಿನಲ್ಲಿ ಸಂಜೆ ಐದೂವರೆಯ ಊಟದ ಗಂಟೆ ಕೇಳಿ ಬೆಳೆದವನು. ಹೊಟ್ಟೆಗೇ ಟೈಮ್ ಗೊತ್ತುಂಟು.

ದೊಡ್ಡಮ್ಮನಿಗೆ ನಂಬಿಕೆ ಬರಲಿಲ್ಲ. “ಹೋಗುವವರೆಲ್ಲ ಹೀಗೇ ಹೇಳುವುದು. ಆರು ತಿಂಗಳು ಕಳೆಯಲಿ, ಇವನ ಹೊಟ್ಟೆಯಲ್ಲಿ ಕೋಳಿ ಕೂಗ್ತದೆ.”

ಅಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು — “ಇವನ ಒಂದೊಂದು ತಪ್ಪಿಗೆ ಒಂದೊಂದು ಉಪವಾಸ ನಾನು ಮಾಡ್ತೇನೆ, ಅಕ್ಕ. ಸಾಕಾ?”

ದೇವರ ಎದುರು, ಇಂದ್ರರ ಎದುರು ಆಡಿದ ಮಾತು. ಹಿಂದೆ ತೆಗೆಯಲು ಬರುವುದಿಲ್ಲ. ಬರುವಾಗ ದೊಡ್ಡಮ್ಮನೇ ಮೆತ್ತಗಾಗಿ, “ನಿನಗೆ ಯಾಕೆ ಬೇಕಿತ್ತು ಕಮಲಾ” ಅಂದಳು.

ಬುಧವಾರ, 23 ಆಗಸ್ಟ್. ಬಂಟ್ವಾಳ

ಮುನಿರಾಜ ಮಾವನ ಹಂಚಿನ ಕಾರ್ಖಾನೆಯಲ್ಲಿ ಕೊನೆಯ ಸುತ್ತು. ನನ್ನನ್ನು ಕಳಿಸುವವರು ಮಾವನೇ.

“ಹಂಚು ಸುಡಲಿಕ್ಕೆ ಇಂಗ್ಲೆಂಡಿಗೆ ಯಾಕೆ ಅಂತ ಊರವರು ನಗ್ತಾರೆ. ನೂರಕ್ಕೆ ಇಪ್ಪತ್ತು ಹಂಚು ಬಿರುಕು ಬಿಟ್ಟು ಬರ್ತದೆ ಮಾರಾಯ. ಯಾಕೆ ಅಂತ ಕಲಿತು ಬಾ. ಅಲ್ಲಿ ಏನು ಬೇಕಾದರೂ ತಿನ್ನು, ನನ್ನ ಹತ್ತಿರ ಹೇಳಬೇಡ.”

“ನಿಯಮ ಉಂಟು ಮಾವ.”

“ಅಕ್ಕನಿಗೆ ಬೇರೆ ಕೆಲಸ ಇಲ್ಲ.” ಹೇಳಿದ್ದೇನೋ ಹಾಗೆ. ಆದರೂ ಬಿ.ಸಿ.ರೋಡಿನ ಹೋಟೆಲಿಗೆ ಕರೆದುಕೊಂಡು ಹೋಗಿ ಬನ್ಸ್ ತಿನ್ನಿಸಿದರು. ನಾಲ್ಕು. ಐದನೆಯದು ಬೇಡ ಅಂದದ್ದಕ್ಕೆ ಈಗಲೇ ಪಶ್ಚಾತ್ತಾಪ.

ಮಂಗಳವಾರ, 3 ಅಕ್ಟೋಬರ್. ಸ್ಟೋಕ್. ಸೂರ್ಯಾಸ್ತ 6.40

ಹಡಗಿನ ಹದಿನೆಂಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಈ ಊರಿನಲ್ಲಿ ಎಲ್ಲಿ ನೋಡಿದರೂ ಮಣ್ಣು ಸುಡುವ ಗೂಡು, ಚಿಮಿಣಿ, ಮಸಿ. ಪಿಂಗಾಣಿ ಸುಡುವವರ ಊರು. ಮಾವ ಬಂದರೆ ಕುಣಿದಾರು. ಕ್ಲಾಸಿನಲ್ಲಿ ನನ್ನ ಇಂಗ್ಲಿಷು ನನಗೆ ಅರ್ಥವಾಗುತ್ತದೆ, ಅವರದ್ದು ಆಗುವುದಿಲ್ಲ. ಪರವಾಗಿಲ್ಲ. ಮಣ್ಣಿಗೆ ಎಲ್ಲ ಕಡೆಯೂ ಒಂದೇ ಭಾಷೆ.

ದೊಡ್ಡ ಸಂಗತಿ ಇದಲ್ಲ. ದೊಡ್ಡ ಸಂಗತಿ ಎಕಲ್ಸ್ ಕೇಕು. ಹೆಸರು ಮಾತ್ರ ಕೇಕು. ಅಂಗೈ ಅಗಲ, ಉರುಟು, ಮೇಲೆ ಚಾಕುವಿನಿಂದ ಮೂರು ಗೀರು, ಗೀರಿನಲ್ಲಿ ಕಪ್ಪು ದ್ರಾಕ್ಷಿ ಇಣುಕುತ್ತದೆ. ಕಚ್ಚಿದರೆ ಪದರ ಪದರವಾಗಿ ಉದುರುತ್ತದೆ. ಚಿರೋಟಿ ಮಾಡುವ ಅಮ್ಮನೂ ಸೋಲಬೇಕು — ಇದನ್ನು ಕಾಗದದಲ್ಲಿ ಬರೆಯುವಾಗ ಸ್ವಲ್ಪ ಹುಷಾರು. ಒಳಗೆ ದ್ರಾಕ್ಷಿ, ಸಕ್ಕರೆ, ಏನೋ ಮಸಾಲೆ, ಎಲ್ಲ ಒಟ್ಟಿಗೆ ಬಿಸಿಯಾಗಿ ನಾಲಗೆಗೆ ಅಂಟುತ್ತದೆ. ಬೀದಿ ಮೂಲೆಯ ಮಿಸೆಸ್ ಕ್ಲೂಸ್ ಅಂಗಡಿ.

ಕೇಳದೆ ತಿನ್ನುವವನಲ್ಲ ನಾನು. “ಎನಿ ಎಗ್?” ಎಂದು ಕೇಳಿದೆ.

“ನೋ ಎಗ್, ಡಕ್.”

ಮೊಟ್ಟೆ ಇಲ್ಲ, ಬಾತುಕೋಳಿ ಉಂಟು! ಕೇಕು ಅಲ್ಲೇ ಬಿಟ್ಟು ಓಡಿ ಬಂದೆ. ಆಮೇಲೆ ಮನೆ ಓನರಮ್ಮ ನಕ್ಕು ನಕ್ಕು ಹೇಳಿದರು — ಇಲ್ಲಿ ಎಲ್ಲರನ್ನೂ ‘ಡಕ್’ ಅನ್ನುತ್ತಾರಂತೆ. ನಮ್ಮಲ್ಲಿ ‘ಮಾರಾಯ’ ಇದ್ದ ಹಾಗೆ. ತಿರುಗಿ ಹೋಗಿ ಎರಡು ತಿಂದೆ.

ಶನಿವಾರ, 14 ಅಕ್ಟೋಬರ್. ಸೂರ್ಯಾಸ್ತ 6.14

ಬಸ್ಸಿನಲ್ಲಿ ಕಂಡಕ್ಟರ್ ಟಿಕೇಟು ಹರಿಯುತ್ತ ಬಂದ. ನಮ್ಮ ಕಡೆಯ ಮುಖ. ನನ್ನ ಚೀಲದ ಮೇಲಿನ ಹೆಸರು, ಊರು ಓದಿದ. ಓದಿ, ತುಳುವಿನಲ್ಲಿ, ಇಡೀ ಬಸ್ಸಿಗೆ ಕೇಳುವಂತೆ — “ಬಂಟ್ವಾಳದ ಹಂಚಿನ ಮುನಿರಾಜ ಧಣಿಗಳ ಅಳಿಯನಾ ನೀವು?”

ಅಬ್ದುಲ್ ಶುಕೂರ್. ಪಾಣೆಮಂಗಳೂರಿನ ಬ್ಯಾರಿ ಮುಸ್ಲಿಮ. ಹಡಗಿನಲ್ಲಿ ಬಂದವನು ಇಲ್ಲೇ ನಿಂತು ಆರು ವರ್ಷ. ನನಗಿಂತ ಹತ್ತು ವರ್ಷ ದೊಡ್ಡವನು, ಆದರೂ ನನ್ನನ್ನು ಧಣಿ ಅನ್ನುತ್ತಾನೆ. ಬೇಡ ಎಂದೆ. “ನಿಮ್ಮ ಮಾವನ ಗೂಡಿಗೆ ನನ್ನ ಬಾಪ ಸೌದೆ ಹೊತ್ತದ್ದು. ನಿಮಗೆ ಬೇಡದಿದ್ದರೆ ಬೇಡ, ನನಗೆ ಬೇಕು” ಎಂದ.

ಡ್ಯೂಟಿ ಮುಗಿಸಿ ರೂಮಿಗೆ ಬಂದ. ಎಕಲ್ಸ್ ಕೇಕು ಇಟ್ಟೆ. ಹೊಟ್ಟೆ ಸರಿ ಇಲ್ಲ ಎಂದು ಚಹ ಮಾತ್ರ ಕುಡಿದ. ಅವನ ಪಾಲೂ ನಾನೇ ತಿಂದೆ.

ಭಾನುವಾರ, 29 ಅಕ್ಟೋಬರ್. ಸೂರ್ಯಾಸ್ತ 4.44 (!!)

ಅನ್ಯಾಯ. ನಿನ್ನೆವರೆಗೆ ಐದೂಮುಕ್ಕಾಲಿಗೆ ಮುಳುಗುತ್ತಿದ್ದ ಸೂರ್ಯ ಇವತ್ತು ನಾಲ್ಕೂಮುಕ್ಕಾಲಿಗೇ. ಸರ್ಕಾರದವರೇ ಗಡಿಯಾರ ಒಂದು ಗಂಟೆ ಹಿಂದೆ ಇಟ್ಟಿದ್ದಾರೆ. ನಮ್ಮ ಊರಿನಲ್ಲಿ ವರ್ಷವಿಡೀ ಆರಕ್ಕೂ ಏಳಕ್ಕೂ ನಡುವೆ ಮುಳುಗಿ ಮರ್ಯಾದೆಯಿಂದ ಇರುವ ಸೂರ್ಯ! ನಿಯಮ ತೆಗೆದುಕೊಳ್ಳುವಾಗ ಇದನ್ನು ಯಾರೂ ಹೇಳಲಿಲ್ಲ. ಇಂದ್ರರಿಗೂ ಗೊತ್ತಿರಲಿಕ್ಕಿಲ್ಲ.

ಡಿಸೆಂಬರಿನಲ್ಲಿ ಮೂರು ಐವತ್ತಕ್ಕೆ ಮುಳುಗುತ್ತದಂತೆ. ಗೂಡಿನ ಪ್ರಾಕ್ಟಿಕಲ್ ಇರುವುದು ಐದರವರೆಗೆ. ಏನಾದರೂ ಮಾಡಬೇಕು.

ಸೋಮವಾರ, 6 ನವೆಂಬರ್. ಸೂರ್ಯಾಸ್ತ 4.29

ಮಾಡಿದೆ! ಇನ್‌ಸ್ಟ್ರಕ್ಟರ್ ಎದುರು ನಿಂತು, ನಡುಗದೆ, ಎಲ್ಲ ಹೇಳಿದೆ. ಬೆಳಿಗ್ಗೆ ಏಳಕ್ಕೇ ಬಂದು ಗೂಡಿಗೆ ಬೆಂಕಿ ಹಚ್ಚುವ ಪಾಳಿ ನನ್ನದು, ಮೂರೂಕಾಲಿಗೆ ಬಿಡುಗಡೆ. ಆ ಪಾಳಿ ಯಾರಿಗೂ ಬೇಡವಾಗಿತ್ತು. ಈಗ ಕ್ಲಾಸಿಗೆ ನಾನೇ ಹೀರೋ.

ಮೂರೂವರೆಗೆ ಕ್ಲೂಸಮ್ಮನ ಅಂಗಡಿ. ಬ್ರೆಡ್ಡು, ಚೀಸು, ಎರಡು ಎಕಲ್ಸ್ ಕೇಕು. ಅದೇ ರಾತ್ರಿ ಊಟ. ಬಿಸಿ ಇದ್ದರೆ ಬೆರಳಿಗೆ ಸಕ್ಕರೆ ಅಂಟುತ್ತದೆ, ತಣ್ಣಗಿದ್ದರೆ ಗರಿಗರಿ. ಮೂರು ದಿನ ಇಟ್ಟದ್ದೂ ಗರಿಗರಿಯೇ. ಪರೀಕ್ಷಿಸಿದ್ದೇನೆ. ಪ್ರತಿದಿನ “ಎನಿ ಎಗ್?” ಕೇಳುತ್ತೇನೆ. ಈಗ ನಾನು ಬಾಗಿಲು ತೆರೆದ ಕೂಡಲೇ ಅವಳೇ “ನೋ ಎಗ್!” ಎಂದು ಕೂಗುತ್ತಾಳೆ.

ಕಳೆದ ವಾರದ ಕಾಗದದಲ್ಲಿ ಅಮ್ಮನಿಗೆ ಒಂದೂವರೆ ಪುಟ ಇದೇ ಬರೆದೆ.

ಬುಧವಾರ, 15 ನವೆಂಬರ್. ಸೂರ್ಯಾಸ್ತ 4.14

ಅಮ್ಮನ ಕಾಗದ ಬಂತು. ಶುಕೂರ್ ಬಂದಿದ್ದ. ಊರಿನ ಸುದ್ದಿ ಕೇಳಲಿ ಎಂದು ಗಟ್ಟಿಯಾಗಿ ಓದಿದೆ, ಬಾಯಲ್ಲಿ ಕೇಕು.

“...ಮುಟ್ಟಿದರೆ ಉದುರುತ್ತದೆ, ಮೂರು ದಿನವಾದರೂ ಗರಿ ಹೋಗುವುದಿಲ್ಲ ಎಂದು ಬರೆದಿದ್ದೀಯ. ತುಪ್ಪವಾದರೆ ಪರಿಮಳ ಬರಬೇಕಿತ್ತು, ಅದರ ಮಾತೇ ನೀನು ಬರೆಯಲಿಲ್ಲ. ಎಣ್ಣೆಗೆ ಅಷ್ಟು ಪದರ ಏಳುವುದಿಲ್ಲ. ಅವರು ಹಿಟ್ಟಿಗೆ ಏನು ಹಾಕುತ್ತಾರೆ, ಕೇಳಿ ಬರೆ. ಇಲ್ಲಿ ಮಾಡಿ ನೋಡುವ ಅಂತ.”

“ಅಮ್ಮನಿಗೆ ಹೊಟ್ಟೆಕಿಚ್ಚು” ಎಂದು ನಕ್ಕೆ. ಶುಕೂರ್ ನಗಲಿಲ್ಲ. ಟೊಪ್ಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

“ಧಣಿ, ನಿಮಗೆ ಗೊತ್ತಿಲ್ವಾ?”

“ಎಂತ?”

“ಅದು ಹಂದಿ ಕೊಬ್ಬು.”

ಬಾಯಲ್ಲಿದ್ದದ್ದು ಹಾಗೇ ಉಳಿಯಿತು. ನುಂಗುವುದೋ ಉಗಿಯುವುದೋ.

“ನಾನು ಬಂದಾಗಲೆಲ್ಲ ಹೊಟ್ಟೆ ಸರಿ ಇಲ್ಲ ಅಂದದ್ದು ಎಂತಕ್ಕೆ ಅಂತ ಮಾಡಿದಿರಿ? ಎಂಥದೂ ಆಗಿಲ್ಲ ನನ್ನ ಹೊಟ್ಟೆಗೆ. ಕಲ್ಲು ಕರಗ್ತದೆ.”

“ಯಾಕೆ ಹೇಳಲಿಲ್ಲ ಬ್ಯಾರಿ?”

“ಓದಿದವರು, ಗೊತ್ತಿದ್ದೇ ತಿನ್ತಾರೆ ಅಂತ ಅಂದ್ಕೊಂಡೆ. ಊರಿನ ದೊಡ್ಡ ಮನೆಯವರು ಇಲ್ಲಿ ಎಂತ ತಿನ್ತಾರೆ ಅಂತ ನೋಡ್ಲಿಕ್ಕೆ ನಾನು ಯಾರು? ಮನೆಗೆ ಬರೆಯುವ ಕಾಗದದಲ್ಲಿ ನಿಮ್ಮ ಹೆಸರು ಕೂಡ ಎತ್ತಲಿಲ್ಲ, ಅಲ್ಲಾಹನಾಣೆ.”

ಅಂಗಡಿಗೆ ಓಡಿದೆ. ಕ್ಲೂಸಮ್ಮ ಹೆಮ್ಮೆಯಿಂದಲೇ ಹೇಳಿದಳು — ಲಾರ್ಡ್, ಡಕ್, ಊರಿಗೇ ಒಳ್ಳೆಯ ಲಾರ್ಡ್. ಲಾರ್ಡ್ ಅಂದರೆ ಅದೇ ಹಂದಿ ಕೊಬ್ಬು; ಬಿಳಿ ಮುದ್ದೆಯನ್ನು ತಂದು ತೋರಿಸಿದಳು. ಅವಳು ಒಂದು ದಿನವೂ ಸುಳ್ಳು ಹೇಳಿಲ್ಲ. ನಾನು ಮೊಟ್ಟೆ ಕೇಳಿದೆ, ಅವಳು ಮೊಟ್ಟೆಗೆ ಉತ್ತರ ಕೊಟ್ಟಳು. ಹಿಟ್ಟಿಗೆ ಹಾಕುವುದು ತುಪ್ಪ, ಇಲ್ಲದಿದ್ದರೆ ಎಣ್ಣೆ. ಮೂರನೆಯದೊಂದು ಉಂಟು ಎಂದು ಹತ್ತು ವರ್ಷದ ಹಾಸ್ಟೆಲು ನನಗೆ ಕಲಿಸಿರಲಿಲ್ಲ.

ಈ ಡೈರಿ ತಿರುವಿ ಲೆಕ್ಕ ಹಾಕಿದೆ. ಅಂಚಿನಲ್ಲಿ ನಾನೇ ಗುರುತು ಹಾಕಿಕೊಂಡಿದ್ದೇನೆ, ಖುಷಿಗೆ. ನಲವತ್ತೊಂದು.

ನಲವತ್ತೊಂದು ಉಪವಾಸ ಅಮ್ಮನಿಗೆ.

ಗುರುವಾರ, 23 ನವೆಂಬರ್. ಸೂರ್ಯಾಸ್ತ 4.03

ಎಂಟು ದಿನ ಈ ಪುಸ್ತಕ ಮುಟ್ಟಲಿಲ್ಲ. ಏರ್ ಲೆಟರ್ ಮಾತ್ರ ಎರಡು ಹಾಳು ಮಾಡಿದೆ.

ಒಂದನೆಯದರಲ್ಲಿ ಕೇಕಿನ ಸುದ್ದಿಯೇ ಇಲ್ಲ, ಬರೇ ಚಳಿ. ಎರಡನೆಯದರಲ್ಲಿ “ವನಸ್ಪತಿ ಹಾಕುತ್ತಾರೆ”. ಅದು ಶುಕೂರನ ಸಲಹೆ. “ಡಾಲ್ಡಾ ಅಂತ ಬರೀರಿ. ಅವರು ಇಲ್ಲಿಗೆ ಬಂದು ನೋಡ್ತಾರಾ? ಮುದುಕಿಯನ್ನು ಕೊಲ್ಲಬೇಡಿ ಮಾರಾಯ್ರೆ.” ಅಮ್ಮ ಮುದುಕಿ ಅಲ್ಲ, ಐವತ್ತೊಂದು. ಆದರೆ ನಲವತ್ತೊಂದು ದಿನ ಬರೇ ಬಿಸಿನೀರು...

ಅಂಟಿಸಿದ ಮೇಲೆ ಹೊಳೆಯಿತು. ಅಮ್ಮ ಸಂಶಯದಿಂದ ಕೇಳಿದ್ದಲ್ಲ. ಅಡುಗೆಯ ಪ್ರಶ್ನೆ ಕೇಳಿದ್ದು. ವನಸ್ಪತಿ ಎಂದು ಬರೆದರೆ ಮರುದಿನವೇ ವನಸ್ಪತಿ ತರಿಸಿ, ಹಿಟ್ಟು ನಾದಿ, ಒಲೆಯ ಮುಂದೆ ಕೂತುಬಿಡುತ್ತಾಳೆ. ಮಗ ತಿಂದ ತಿಂಡಿ ಎಂದು ದೊಡ್ಡಮ್ಮನಿಗೂ ಒಂದು ಬಟ್ಟಲು ಕಳಿಸುತ್ತಾಳೆ. ನನ್ನ ಸುಳ್ಳನ್ನು ಅಮ್ಮ ಬೇಯಿಸಿ ಹಂಚುವುದು — ಅದು ಮಾತ್ರ ಆಗಲಿಕ್ಕಿಲ್ಲ.

ಹರಿದೆ. ಹೊಸದು ಬರೆದೆ. ಹಂದಿ ಕೊಬ್ಬು. ನಲವತ್ತೊಂದು. ಹದಿನೈದಕ್ಕೆ ಗೊತ್ತಾಯಿತು, ಇವತ್ತು ಇಪ್ಪತ್ತಮೂರು. ಉಪವಾಸ ನನ್ನದು, ನಿನ್ನ ಉತ್ತರ ಬಂದ ಕೂಡಲೇ ನಾನು ಮಾಡುತ್ತೇನೆ, ನೀನು ಮಾಡಬೇಡ. ಓಡಿ ಹೋಗಿ ಡಬ್ಬಿಗೆ ಹಾಕಿದೆ.

ಸೋಮವಾರ, 4 ಡಿಸೆಂಬರ್. ಸೂರ್ಯಾಸ್ತ 3.53

ಕ್ಲೂಸಮ್ಮ ಎರಡು ವಾರ ಮುಖ ತಿರುಗಿಸಿದ್ದಳು. ಅವಳ ಲಾರ್ಡಿಗೆ ಅವಮಾನವಾಗಿತ್ತು. ಇವತ್ತು ಕಿಟಕಿಯಿಂದಲೇ ಕರೆದಳು. ಬರೇ ಬೆಣ್ಣೆ ಹಾಕಿ ಒಂದು ತಟ್ಟೆ ಮಾಡಿದ್ದಾಳೆ! ನನ್ನ ಎದುರೇ ಬೆಣ್ಣೆಯ ಕಾಗದ ಬಿಚ್ಚಿ ತೋರಿಸಿದಳು, ಕೋರ್ಟಿನಲ್ಲಿ ಸಾಕ್ಷಿ ತೋರಿಸಿದ ಹಾಗೆ.

ಪದರ ಸ್ವಲ್ಪ ಕಡಿಮೆ. ಪರಿಮಳ — ಅಯ್ಯೋ! ಬಾಗಿಲಲ್ಲೇ ಬೆಣ್ಣೆ ಕಾಯಿಸಿದ ಹಾಗೆ. ಶುಕೂರನನ್ನು ಬಸ್ಸಿನಿಂದಲೇ ಇಳಿಸಿದೆ. ಆರು ವರ್ಷದಲ್ಲಿ ಮೊದಲ ಸಲ ಎಕಲ್ಸ್ ಕೇಕು ಕಚ್ಚಿದ. ಕಣ್ಣು ಮುಚ್ಚಿ ಎರಡು ತಿಂದ. ಮೂರನೆಯದಕ್ಕೆ ಕೈ ಹಾಕಿ, “ಇದಕ್ಕಾಗಿ ನಿಮ್ಮ ತಲೆ ಕೆಟ್ಟದ್ದು ತಪ್ಪಲ್ಲ ಧಣಿ” ಎಂದ.

ಗಡಿಯಾರ 3.48. ನಾನೂ ಮೂರು. ಇಷ್ಟು ಹಾಯಾಗಿ ಈ ದೇಶದಲ್ಲಿ ಒಂದು ದಿನವೂ ತಿಂದಿರಲಿಲ್ಲ.

ಬುಧವಾರ, 13 ಡಿಸೆಂಬರ್. ಸೂರ್ಯಾಸ್ತ 3.51

ಅಮ್ಮನ ಕಾಗದ. ಏಳನೇ ತಾರೀಕಿನದು. ಇದ್ದ ಹಾಗೆ ಇಲ್ಲಿ ಇಳಿಸುತ್ತೇನೆ.

“ಚಿ. ಅಭಯನಿಗೆ ಆಶೀರ್ವಾದ. ನಿನ್ನ ಕಾಗದ ಒಂದನೇ ತಾರೀಕು ಬಂತು. ತಿಳಿಯದೆ ತಿಂದದ್ದಕ್ಕೆ ಉಪವಾಸ ಇಲ್ಲ. ನಲವತ್ತೊಂದೂ ಬಿಟ್ಟೆ. ಬಾಯಿ ತೊಳೆದುಕೊಂಡು ಪಾಠ ಓದು. ಆದರೆ ತಿಳಿದದ್ದು ಹದಿನೈದಕ್ಕೆ, ನನಗೆ ಬರೆದದ್ದು ಇಪ್ಪತ್ತಮೂರಕ್ಕೆ. ನಡುವೆ ಎಂಟು ದಿನ ನೀನು ನನಗೆ ಹೇಳದೆ ಕೂತೆ. ಅದಕ್ಕೆ ಉಂಟು. ಎಂಟು. ಎರಡನೇ ತಾರೀಕಿನಿಂದ ದಿನ ಬಿಟ್ಟು ದಿನ ಮಾಡುತ್ತಿದ್ದೇನೆ, ಮೂರು ಮುಗಿಯಿತು. ಅಕ್ಕ ಬೆಳ್ತಂಗಡಿಯಿಂದ ಬಂದಿದ್ದಾಳೆ. ಅವಳಿಗೆ ನಾನೇ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ, ತಾನೂ ಮಾಡುತ್ತೇನೆ ಎಂದು ಕೂತಿದ್ದಾಳೆ. ಬೇಡ ಅಂದರೆ ಕೇಳುವುದಿಲ್ಲ. ಚಳಿಗೆ ಕಿವಿ ಮುಚ್ಚಿಕೋ.”

ಬೆರಳು ಮಡಚಿ ಎಣಿಸಿದೆ. ಎರಡು, ನಾಲ್ಕು...

ನಾಲ್ಕು. ನಾನು ಕ್ಲೂಸಮ್ಮನ ಅಂಗಡಿಯಲ್ಲಿ ಮೂರು ತಿಂದ ದಿನ.

ಉಳಿದದ್ದು ನಾಳೆ ಹದಿನಾಲ್ಕು, ಮತ್ತೆ ಹದಿನಾರು. ಅಮ್ಮನ ಜೊತೆಗೆ ನಾನೂ ಮಾಡಲು ಎರಡು ಸಿಗುತ್ತದೆ. ಎರಡಾದರೂ ಸಿಕ್ಕಿತು.

ಗುರುವಾರ, 14 ಡಿಸೆಂಬರ್. ಮಧ್ಯಾಹ್ನ 3.45

ಬೆಳಿಗ್ಗೆಯಿಂದ ಬಿಸಿನೀರು. ಗೂಡಿನ ಎದುರು ಒಂದು ಸಲ ಕಣ್ಣು ಕತ್ತಲೆ ಬಂತು, ಅಷ್ಟೆ. ಟೆಂಪರೇಚರ್ ಚಾರ್ಟು ತಪ್ಪಿಲ್ಲದೆ ಬರೆದೆ.

ಶುಕೂರ್ ಬಂದಿದ್ದ. ವಿಷಯ ಕೇಳಿ ತಾನೂ ಚಹ ಬೇಡ ಎಂದ. “ಫೆಬ್ರವರಿಯಲ್ಲಿ ನಮ್ಮ ರಂಜಾನ್ ಉಂಟು. ನೀವು ಸೂರ್ಯ ಮುಳುಗುವ ಮೊದಲು ತಿನ್ನಬೇಕು, ನಾವು ಮುಳುಗಿದ ಮೇಲೆ. ಇಬ್ಬರೂ ಒಂದೇ ಕಿಟಕಿಯಲ್ಲಿ ಕೂತು ಸೂರ್ಯನಿಗೆ ಬಯ್ಯುವ.”

“ಹಸಿವಿನಲ್ಲಿ ನಗಿಸಬೇಡ ಬ್ಯಾರಿ.”

“ಅಮ್ಮನಿಗೆ ಬರೀರಿ, ಇಲ್ಲಿ ಒಬ್ಬ ಇದ್ದಾನೆ, ನಿಮ್ಮ ಮಗನನ್ನು ಬೀಳಲಿಕ್ಕೆ ಬಿಡುವುದಿಲ್ಲ ಅಂತ.” ಹೇಳಿ ಡ್ಯೂಟಿಗೆ ಹೋದ.

ಊರಿನಲ್ಲಿ ಈಗ ರಾತ್ರಿ. ನಾಳೆ ಅಲ್ಲಿ ಸೂರ್ಯ ಹುಟ್ಟುವಾಗ ಇಲ್ಲಿ ನಡುರಾತ್ರಿ ಒಂದೂಕಾಲು. ಅಮ್ಮನ ಉಪವಾಸ ಅಲ್ಲಿಗೆ ಮುಗಿಯುತ್ತದೆ, ದೊಡ್ಡಮ್ಮ ಗಂಜಿ ಬಡಿಸುತ್ತಾಳೆ. ಇಲ್ಲಿ ಸೂರ್ಯ ಹುಟ್ಟುವುದು ಎಂಟು ಕಳೆದ ಮೇಲೆ. ಅಂದರೆ ಅವಳು ಮುಗಿಸಿದ ಮೇಲೂ ಏಳು ಗಂಟೆ ನನ್ನ ಪಾಲಿಗೆ ಬಂತು. ಯಾರೂ ಕೊಡದೆ, ಕೇಳದೆ. ಆ ಏಳು ಗಂಟೆಯನ್ನು ಅವಳು ನನ್ನಿಂದ ತೆಗೆದುಕೊಳ್ಳಲು ಬರುವುದಿಲ್ಲ. ಈ ಮಾತನ್ನು ಇವತ್ತೇ, ಈಗಲೇ ಅಮ್ಮನಿಗೆ ಬರೆಯಬೇಕು, ಒಂದು ದಿನವೂ ತಡ ಮಾಡಬಾರದು. ಏರ್ ಲೆಟರ್ ಬಿಚ್ಚಿದೆ.