ಎಣ್ಣೆ ಕುಡಿದ ರಬ್ಬರ್ ಉಂಗುರ

ಅಣ್ಣಾ,

ಹೇಗಿದ್ದೀಯ ಎಂದು ಕೇಳಿ ಶುರುಮಾಡಲು ಕೈ ಬರುತ್ತಿಲ್ಲ. ನಮ್ಮ ಸುದ್ದಿಯನ್ನೇ ಹೇಳುತ್ತೇನೆ. ನಿನ್ನ ಮಷೀನು ಕೈಕೊಟ್ಟಿತ್ತು. ಈಗ ಸರಿಯಾಗಿದೆ. ಆದರೂ ಪಂಪಿನ ಸದ್ದು ಸ್ವಲ್ಪ ಬದಲಾದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಶೆಡ್ಡಿಗೆ ಓಡುತ್ತೇನೆ. ನೀನಿದ್ದಾಗ ನನಗೆ ಈ ಹೆದರಿಕೆ ಎಲ್ಲಿತ್ತು?

ಮಷೀನಿನ ಪಾತ್ರೆಗೆ ಮೊದಲು ಬರೀ ನೀರು ಹಾಕಿ ನೋಡಿದ ಆ ಬೆಳಿಗ್ಗೆ ನೆನಪಿದೆಯಾ? ಬೆಂಗಳೂರಿನ ಪ್ರಯೋಗಾಲಯದಲ್ಲಿ ಅರ್ಧ ಆಯುಷ್ಯವನ್ನು ವ್ಯಾಕ್ಯೂಮ್ ಪಂಪುಗಳ ನಡುವೆ ಕಳೆದು, ಕೆಲಸ ಬಿಟ್ಟು ಮಾಯಸಂದ್ರಕ್ಕೆ ಬಂದವನು ನೀನು. ಹಸಿ ಕಾಯಿಹಾಲಿನಿಂದ ತೆಗೆದ ಎಣ್ಣೆಯಲ್ಲಿ ನೀರಿನ ಪಸೆ ಉಳಿದರೆ ಬೇಗ ಕಮಟುತ್ತದೆ, ಕಾಯಿಸಿದರೆ ಪರಿಮಳ ಹೋಗುತ್ತದೆ, ಗಾಳಿ ಹೀರಿ ತೆಗೆದ ಪಾತ್ರೆಯಲ್ಲಿಟ್ಟರೆ ಉಗುರುಬೆಚ್ಚಗೇ ನೀರು ಹಾರಿಹೋಗುತ್ತದೆ ಎಂದು ನನಗೂ ಅತ್ತಿಗೆಗೂ ಪಾಠ ಮಾಡಿದ್ದೆ. ಮುಚ್ಚಳದ ಗಾಜಿನ ಕಿಟಕಿಯಲ್ಲಿ ನೋಡಿದರೆ, ಕೈ ಅದ್ದಬಹುದಾದಷ್ಟೇ ಬೆಚ್ಚಗಿದ್ದ ನೀರು ಕೊತಕೊತ ಕುದಿಯುತ್ತಿತ್ತು. "ಅಯ್ಯೋ, ಇದೇನ್ರೀ ಮಾಟ!" ಎಂದು ಅತ್ತಿಗೆ ಹಿಂದಕ್ಕೆ ಹಾರಿದ್ದಳು. ನೀನು ನಕ್ಕಿದ್ದೆ. ಅದಾದ ವಾರವೇ ತಿಪಟೂರಿನ ಬಸ್ಸು ಹತ್ತಿದವನು, ಎದೆ ಹಿಡಿದುಕೊಂಡು… ಎಣ್ಣೆ ಹಾಕಿ ನೋಡುವುದಕ್ಕೆ ನೀನು ಇರಲಿಲ್ಲ.

ನಾವಿಬ್ಬರೇ ಶುರುಮಾಡಿದೆವು. ಮೊದಮೊದಲು ಎಣ್ಣೆ ಚೆನ್ನಾಗಿಯೇ ಬಂತು, ಹಸಿ ಕಾಯಿಯ ಪರಿಮಳ, ನೀರಿನಂಥ ತಿಳಿ. ಆಮೇಲೊಂದು ದಿನ ತುರುವೇಕೆರೆಯಿಂದ ಡಬ್ಬಗಳು ವಾಪಸ್ಸು ಬಂದವು. ಬಾಣಂತಿಯೊಬ್ಬಳ ಮಗುವಿಗೆ ಹಚ್ಚಲು ಕೊಂಡಿದ್ದರಂತೆ. ಮುಚ್ಚಳ ತೆಗೆದರೆ ಕಮಟು ವಾಸನೆ. ಅತ್ತಿಗೆ ಬೆರಳು ಅದ್ದಿ ಮೂಸಿ, ಸೆರಗಿಗೆ ಒರೆಸಿಕೊಂಡಳು. ಪಾತ್ರೆಯ ಗಾಳಿ ಎಷ್ಟು ಹೋಗಿದೆಯೆಂದು ತೋರಿಸುವ ಗೇಜಿನ ಮುಳ್ಳು ನೋಡಿದೆ. ನೀನು ತೋರಿಸಿದ್ದ ಗುರುತಿನವರೆಗೆ ಹೋಗುತ್ತಲೇ ಇರಲಿಲ್ಲ. ಎಲ್ಲಿಂದಲೋ ಗಾಳಿ ಒಳಗೆ ನುಗ್ಗುತ್ತಿತ್ತು.

ಕೆಂಕೆರೆಯಿಂದ ಅತ್ತಿಗೆಯ ಅಣ್ಣ ಬಂದು ಕೂತ ದಿನವನ್ನು ಹೇಗೆ ಹೇಳಲಿ? "ಭಾವ ಇದ್ದಿದ್ರೆ ಒಂದು ಮಾತು. ಈಗ ಇದರ ತಲೆ ಯಾರಿಗೆ ಗೊತ್ತು, ಬಾಲ ಯಾರಿಗೆ ಗೊತ್ತು? ಗುಜರಿಗಾದ್ರೂ ಹಾಕು, ಊರಿಗೆ ಬಾ. ಗಾರ್ಮೆಂಟ್ಸ್‌ಗೆ ಸೇರುಸ್ತೀನಿ," ಎಂದರು. ಅತ್ತಿಗೆ ನನ್ನ ಮುಖ ನೋಡಿದಳು. "ಶಿವಣ್ಣನ್ನ ಒಂದ್ಸಲ ಕರ್ಸಾಣ. ಅವ್ನ ಕೈಲೂ ಆಗ್ದೆ ಇದ್ರೆ ಬುಡಾಣ," ಎಂದಳು. ಬಿಡುವುದು ಹೇಗೆ? ಬೆಂಗಳೂರು ಬಿಟ್ಟು ಬಂದು ನೀನು ಮಾಡಿದ್ದು ಇದೊಂದೇ ಅಲ್ಲವಾ?

ನೀನು ಕೊಟ್ಟ ಲೆಕ್ಕದಂತೆ ಆ ಪಾತ್ರೆಗೆ ಬೆಸುಗೆ ಹಾಕಿದ್ದು ಶಿವಣ್ಣನೇ ಆದ್ದರಿಂದ ಧೈರ್ಯ ಬಂದಿತ್ತು. ತಿಪಟೂರಿನಿಂದ ಬರುವಾಗ ಟೆಂಪೋದಲ್ಲಿ ಕಂಪ್ರೆಸರ್ ಹಾಕಿಕೊಂಡೇ ಬಂದ. "ಪುಷ್ಪಕ್ಕ, ಒಳಕ್ಕೆ ಗಾಳಿ ತುಂಬ್ಸಿ ಮೇಲೆ ಸೋಪ್‌ನೀರು ಹಚ್ಚಾಣ. ಎಲ್ಲಿ ಗುಳ್ಳೆ ಬತ್ತದೋ ಅಲ್ಲೇ ಲೀಕು. ಪಂಚರ್ ಅಂಗಡೀಲಿ ಮಾಡಲ್ವಾ, ಹಂಗೆ." ಅತ್ತಿಗೆ ಆಗಲೇ ಸೋಪು ಕಲಸಿದ ಬಕೆಟ್ಟು ಹಿಡಿದು ಮುಚ್ಚಳದ ಮೇಲೆ ಬಗ್ಗಿದ್ದಳು. ಅವಳ ಮುಖ ಆ ಗಾಜಿನ ಕಿಟಕಿಯ ಎದುರಿಗೇ ಇತ್ತು. ಆಗ ನೀನು ಹೇಳಿದ್ದು ನೆನಪಾಯಿತು. ಈ ಪಾತ್ರೆಯಲ್ಲಿ ಮುಚ್ಚಳವನ್ನು ಒತ್ತಿ ಹಿಡಿಯುವುದು ಹೊರಗಿನ ಗಾಳಿ; ಬಿಗಿಯುವ ಕ್ಲಾಂಪು ಇರುವುದು ಮುಚ್ಚಳ ಜಾರದ ಹಾಗೆ ನೋಡಿಕೊಳ್ಳುವುದಕ್ಕೆ ಮಾತ್ರ ಎಂದಿದ್ದೆ. ಒಳಗಿನಿಂದ ತಳ್ಳಿದರೆ?

"ಬ್ಯಾಡ ಶಿವಣ್ಣ. ಗಾಳಿ ತುಂಬಬೇಡ."

"ಏನೂ ಆಗಲ್ಲ ಕಣಕ್ಕ, ಸ್ವಲ್ಪಾನೇ ಬುಡದು."

"ಈ ಕ್ಲಾಂಪು ಅದಕ್ಕೆ ಹಾಕಿದ್ದಲ್ಲ. ಗಾಜು ಸಿಡಿದ್ರೆ ಅತ್ತಿಗೆ ಮುಖಕ್ಕೇ ಬರೋದು. ಅತ್ತಿಗೆ, ಈಕಡೆ ಬನ್ನಿ ಮೊದಲು!"

ನಾನು ಹಾಗೆ ಕೂಗಿದ್ದನ್ನು ನೀನು ಯಾವತ್ತೂ ಕೇಳಿಲ್ಲ. ಶಿವಣ್ಣ ಮುಖ ಸಣ್ಣದು ಮಾಡಿಕೊಂಡ. "ಹಂಗಾರೆ ನೀವೇ ಹುಡುಕ್ಕಳಿ," ಎಂದು ಕಂಪ್ರೆಸರ್ ಎತ್ತಿಕೊಂಡು ಹೊರಟುಬಿಟ್ಟ. ಟೆಂಪೋ ತಿರುವು ದಾಟಿದ ಮೇಲೆ ನನಗೆ ಅಳು ಬಂತು. ಇದ್ದ ಒಬ್ಬನನ್ನೂ ಕಳಿಸಿದೆನಲ್ಲ, ನನ್ನದು ಬರೀ ಹೆದರಿಕೆಯಾಗಿದ್ದರೆ?

ಪ್ರಯೋಗಾಲಯದಲ್ಲಿ ಸೋರಿಕೆ ಹುಡುಕುವುದು ಹೇಗೆಂದು ನೀನು ಊಟದ ತಟ್ಟೆ, ಲೋಟ ಇಟ್ಟು ತೋರಿಸಿದ್ದೆಯಲ್ಲ, ಹಾಗೆಯೇ ಮಾಡಿದೆ. ಗೇಜನ್ನು ಪಂಪಿನ ಹತ್ತಿರಕ್ಕೆ ತಂದೆ. ಪೈಪು ಬಿಚ್ಚಿ, ಪಂಪಿನ ಬಾಯಿಗೆ ತೂತಿಲ್ಲದ ಸ್ಟೀಲ್ ಬಿಲ್ಲೆ ಇಟ್ಟು ಕ್ಲಾಂಪು ಹಾಕಿದೆ. ಮುಳ್ಳು ಕೊನೆಯವರೆಗೆ ಹೋಗಿ ನಿಂತಿತು. ಪಂಪು ಚೆನ್ನಾಗಿದೆ. ಬಿಲ್ಲೆ ತೆಗೆದು ಪೈಪು ಸೇರಿಸಿ, ಪೈಪಿನ ಆ ತುದಿಗೆ ಬಿಲ್ಲೆ ಇಟ್ಟೆ. ಮುಳ್ಳು ಮತ್ತೆ ಅಲ್ಲೇ ನಿಂತಿತು. ಪೈಪಿನ ಅಗಲ ಅಂಚುಗಳು, ಅವುಗಳ ನಡುವಿನ ರಬ್ಬರು, ಬೆರಳಲ್ಲಿ ತಿರುಗಿಸುವ ಆ ರೆಕ್ಕೆ ತಿರುಪಿನ ಕ್ಲಾಂಪು, ಎಲ್ಲ ನೀನು ಕೂರಿಸಿದ ಹಾಗೇ ಇದ್ದವು. ಪಾತ್ರೆಯನ್ನು ಸೇರಿಸಿದ ಕೂಡಲೇ ಮುಳ್ಳು ಜಾರಿತು. ಉಳಿದದ್ದು ಪಾತ್ರೆ, ಮೊದಲು ಅನುಮಾನ ಬಂದದ್ದು ಅದರ ಮುಚ್ಚಳದ ಮೇಲೆ.

ಮುಚ್ಚಳ ಎತ್ತಿದಾಗ ಅದರಡಿಯ ರಬ್ಬರ್ ಉಂಗುರ ತಾನಾಗಿಯೇ ತನ್ನ ತೋಡಿನಿಂದ ಹೊರಗೆ ಬಂತು. ಮತ್ತೆ ಕೂರಿಸಲು ಹೋದರೆ ಕೂರಲಿಲ್ಲ! ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಅಲೆಯ ಹಾಗೆ ಏಳುತ್ತಿತ್ತು. ಉಬ್ಬಿ ಉದ್ದವಾಗಿತ್ತು, ಮೆತ್ತಗಾಗಿತ್ತು, ಮುಚ್ಚಳದ ಅಂಚಿಗೆ ಸಿಕ್ಕಿ ಒಂದು ಕಡೆ ಸೀಳಿಕೊಂಡಿತ್ತು. ನೀನು ಕೊಂಡುತಂದ ಅಂಗಡಿಗೆ ಫೋನು ಮಾಡಿದೆ. ಅವರಿಗೆ ನಿನ್ನ ನೆನಪಿತ್ತು. "ಬಿಸಿನೀರಿಗೆ, ಆವಿಗೆ ಅಂತ ಸಾರೇ ಕೇಳಿ ಇಪಿಡಿಎಂ ರಬ್ಬರ್ ತಗೊಂಡ್ ಹೋದ್ರು ಮೇಡಂ. ಎಣ್ಣೆ ಅಂತ ಹೇಳಿರ್ಲಿಲ್ಲ, ಅದು ಎಣ್ಣೆ ಕುಡ್ದು ಉಬ್ಬತ್ತೆ," ಎಂದರು.

ನೀನು ತಪ್ಪುತ್ತೀಯ ಎಂದು ನಾನು ಯಾವತ್ತಾದರೂ ಅಂದುಕೊಂಡಿದ್ದೆನಾ? ಆಮೇಲೆ ಯೋಚಿಸಿದರೆ, ಅದು ತಪ್ಪು ಎನ್ನುವುದಕ್ಕೂ ಬಾಯಿ ಬರಲಿಲ್ಲ. ನೀನು ದುಡಿದದ್ದೆಲ್ಲ ಒಣಗಿದ, ಥಳಥಳ ಹೊಳೆಯುವ ಸ್ಟೀಲ್ ಪಾತ್ರೆಗಳ ನಡುವೆ. ಇಲ್ಲಿ ಹಾರಿಹೋಗುವ ನೀರಿನ ಬಗ್ಗೆ ಯೋಚಿಸಿದೆ, ಉಳಿಯುವ ಎಣ್ಣೆಯನ್ನು ಮರೆತೆ. ನೀರಿನ ಪರೀಕ್ಷೆಯಲ್ಲಿ ಉಂಗುರ ಗಟ್ಟಿಯಾಗಿ ಕೂತಿತ್ತು. ಎಣ್ಣೆ ಚಿಮ್ಮಿ ಚಿಮ್ಮಿ ಅಂಚಿಗೆ ತಗಲಿದ್ದನ್ನು ನೋಡಲು ನೀನಿದ್ದಿದ್ದರೆ ನೀನೇ ಹಿಡಿಯುತ್ತಿದ್ದೆ. ಹಿಡಿಯುತ್ತಿದ್ದೆ ಅಲ್ಲವಾ?

ಅಂಗಡಿಯವರು ಕಳಿಸಿದ ಬೇರೆ ಬೇರೆ ರಬ್ಬರಿನ ಉಂಗುರಗಳೆಲ್ಲ ನೋಡುವುದಕ್ಕೆ ಒಂದೇ. ಬಿಳಿಯ ಸಿಲಿಕೋನ್ ಒಂದು ಬಿಟ್ಟರೆ ಮಿಕ್ಕವೆಲ್ಲ ಕಪ್ಪು. ಯಾರ ಮಾತನ್ನೂ ನಂಬುವ ಧೈರ್ಯವಿರಲಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ನಮ್ಮದೇ ಎಣ್ಣೆಯ ಡಬ್ಬಿಗೆ ಹಾಕಿ, ಬಚ್ಚಲ ಹಂಡೆಯ ಬಿಸಿ ತಾಗುವ ಕಡೆ ಇಟ್ಟೆ. ಅತ್ತಿಗೆ ಮುಚ್ಚಳ ತೆಗೆದು ನೋಡಿ, "ಇದೇನೇ ಪುಷ್ಪಾ, ಬಳೆ ನೆನೆಸಿಟ್ಟಿದ್ದೀಯ?" ಎಂದಳು. ಎಂದವಳು ಬಳೆಯಿಲ್ಲದ ತನ್ನ ಕೈ ನೋಡಿಕೊಂಡಳು.

ಆಗ ಹೇಳಲೇಬೇಕಾಯಿತು. ಅಣ್ಣ ಆರಿಸಿದ ಉಂಗುರವೇ ಎಣ್ಣೆಗೆ ಆಗದ್ದು ಎಂದೆ. ಮೊದಲೇ ನೊಂದವಳು, ಅವಳ ಮುಂದೆ ನಿನ್ನನ್ನು ಸಣ್ಣವನನ್ನಾಗಿ ಮಾಡುತ್ತಿದ್ದೇನೆ ಎನಿಸಿತು. ಅತ್ತಿಗೆ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಏನೆಂದಳು ಗೊತ್ತಾ?

"ನಿಮ್ಮಣ್ಣ ತಲೇಗೂ ಎಣ್ಣೆ ಹಚ್ಕಂಡೋರಲ್ಲ ಕಣೇ. ಅವ್ರಿಗೇನು ಗೊತ್ತು ಎಣ್ಣೆ ವಿಚಾರ!"

ನಗುತ್ತಾ ಹೇಳಿದಳು. ನೀನು ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಾನೂ ನಗುತ್ತಲೇ ಅತ್ತುಬಿಟ್ಟೆ. ಇಬ್ಬರೂ ಬಚ್ಚಲ ಬಾಗಿಲಲ್ಲಿ ಹುಚ್ಚರ ಹಾಗೆ ನಿಂತಿದ್ದೆವು.

ಡಬ್ಬಿಯಿಂದ ತೆಗೆದಾಗ ನೀನು ತಂದ ಜಾತಿಯ ಉಂಗುರ ಇಲ್ಲೂ ಉಬ್ಬಿತ್ತು. ಸಿಲಿಕೋನ್ ತಡೆದಿತ್ತು, ಆದರೆ ಅಂಚಿಗೆ ಸಿಕ್ಕಿದರೆ ಬೇಗ ಹರಿಯುತ್ತದೆ ಎಂದು ಬಿಟ್ಟೆ. ಆಹಾರಕ್ಕೆ ಬಳಸುವ ನೈಟ್ರೈಲ್ ರಬ್ಬರಿನ ಉಂಗುರ ತೋಡಿನಲ್ಲಿ ಮೊದಲಿನಂತೆಯೇ ಕೂತಿತು. ಅದನ್ನೇ ಹಾಕಿದೆವು. ಕ್ಲಾಂಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿದೆ, ಗಾಜಿನ ಕಿಟಕಿಯದನ್ನೂ ಒಮ್ಮೆ ನೋಡಿದೆ. ಮುಳ್ಳು ನಿನ್ನ ಗುರುತಿಗೆ ಹೋಗಿ ನಿಂತಿತು. ಪಂಪು ನಿಲ್ಲಿಸಿ, ವಾಲ್ವು ಮುಚ್ಚಿ, ಮಧ್ಯಾಹ್ನವೆಲ್ಲ ಅದರ ಮುಂದೆಯೇ ಕೂತೆ. ಊಟ ಸೇರಲಿಲ್ಲ. ಸಂಜೆ ದನಗಳು ಮನೆಗೆ ಬರುವ ಹೊತ್ತಿಗೂ ಮುಳ್ಳು ಕದಲಿರಲಿಲ್ಲ. ಈಗ ಬರುತ್ತಿರುವ ಎಣ್ಣೆ ತಿಂಗಳುಗಟ್ಟಲೆ ಇಟ್ಟರೂ ಕಮಟುತ್ತಿಲ್ಲ. ಕೆಂಕೆರೆಗೆ ಹೋಗುವ ಮಾತನ್ನು ಅತ್ತಿಗೆ ಎತ್ತಿಲ್ಲ. ಶಿವಣ್ಣನೂ ಮೊನ್ನೆ ಬಂದು, ಏನೂ ನಡೆದಿಲ್ಲವೆಂಬಂತೆ ಕಾಫಿ ಕುಡಿದು ಹೋದ.

ಇನ್ನೊಂದು ಸುದ್ದಿ ಇದೆ. ಚಿಕ್ಕನಾಯಕನಹಳ್ಳಿಯ ಕಡೆ ಕೆಲವು ಹೆಂಗಸರು ಸೇರಿ ಕಾಯಿನೀರನ್ನು ಗಟ್ಟಿ ಮಾಡುವ ಇಂಥದ್ದೇ ಪಾತ್ರೆ ಮಾಡಿಸುತ್ತಿದ್ದಾರೆ. ಮುಚ್ಚಳಕ್ಕೆ, ಪೈಪಿಗೆ ಯಾವ ಉಂಗುರ, ಯಾವ ಕ್ಲಾಂಪು ಹಾಕಬೇಕೆಂದು ನನ್ನನ್ನು ಬಂದು ಹೇಳಲು ಕರೆದಿದ್ದಾರೆ. ನನ್ನನ್ನು! ಅಲ್ಲಿ ಎಣ್ಣೆಯಿಲ್ಲ, ಬಿಸಿನೀರು ಆವಿಯೇ ಎಲ್ಲ. ನೀನು ಆರಿಸಿದ್ದ ಉಂಗುರವೇ ಅವರಿಗೆ ಸರಿಹೋಗಬಹುದು ಎಂದುಕೊಂಡಿದ್ದೇನೆ. ಆದರೆ ಹೋಗುವ ಮೊದಲೇ ಹೇಳಿಬಿಡುವುದಿಲ್ಲ. ಅವರ ಪಾತ್ರೆಯ ಹತ್ತಿರ ನಿಂತು, ಒಳಗೆ ಏನೇನು ಹಾಕುತ್ತೀರಿ, ಕೊನೆಗೆ ಏನು ಉಳಿಯುತ್ತದೆ ಎಂದು ಕೇಳುತ್ತೇನೆ. ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇವೆ. ಭಯವಾಗುತ್ತಿದೆ ಅಣ್ಣ. ಅತ್ತಿಗೆಯೂ ಜೊತೆಗೆ ಬರುತ್ತಿದ್ದಾಳೆ.

ನಿನ್ನ ತಂಗಿ,
ಪುಷ್ಪ